ಇವರಿಗೆ ಅಧಿಕಾರ ಕೊಟ್ಟವರು ಯಾರು? ಮಾನವ ಹಕ್ಕು ಕೋರ್ಟುಗಳ ಮೇಲಿನ ಟೀಕೆಯನ್ನು ತೂಗೋದು ಹೇಗೆ

ಮುಂಬಯಿಯ ಕನ್ನಡ ಸಂಘಗಳ ಚರ್ಚಾಸ್ಪರ್ಧೆಗಳಲ್ಲಿ "ಮೊಬೈಲ್ ವರವೋ ಶಾಪವೋ" ಕಾಲ ಮುಗಿಯುತ್ತಾ ಬಂತು. ಈಗ ಸ್ವಲ್ಪ ಗಟ್ಟಿ ವಿಷಯಗಳನ್ನೇ ಕೊಡುತ್ತಿದ್ದಾರೆ. ಒಳ್ಳೆಯದೇ. ಆದರೆ "ಹೊರಗಿನ ಕೋರ್ಟಿಗೆ ಒಂದು ದೇಶದ ಸರ್ಕಾರದ ಮೇಲೆ ತೀರ್ಪು ಕೊಡುವ ಅಧಿಕಾರ ಇದೆಯೇ" ಅಂತ ವಿಷಯ ಕೊಟ್ಟು ನೋಡಿ. ಪರವಾಗಿ ಮಾತಾಡುವವರು ಗಾಂಧೀಜಿಯಿಂದ ಶುರು ಮಾಡಿ ವಸುಧೈವ ಕುಟುಂಬಕಂನಲ್ಲಿ ಮುಗಿಸುತ್ತಾರೆ. ವಿರೋಧವಾಗಿ ಮಾತಾಡುವವರು "ಇದೆಲ್ಲ ಬಿಳಿಯರ ಆಟ" ಅಂತ ಮೇಜು ಕುಟ್ಟುತ್ತಾರೆ. ಎರಡೂ ಕಡೆ ಒಂದೇ ಒಂದು ಕೇಸಿನ ಹೆಸರು ಬರೋದಿಲ್ಲ.

ನಾನು ಫೋರ್ಟಿನಲ್ಲಿ ವಕೀಲಿಕೆ ಮಾಡುತ್ತೇನೆ. ವಾರದ ಕೊನೆಯಲ್ಲಿ ಮಾಟುಂಗಾದಲ್ಲಿ ಒಂದಷ್ಟು ಹುಡುಗ ಹುಡುಗಿಯರನ್ನು ಚರ್ಚೆಗೆ ತಯಾರು ಮಾಡುತ್ತೇನೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕಾನೂನು ಓದುವವರಿಗೆ, ಸ್ಪರ್ಧೆಗೆ ಹೋಗುವವರಿಗೆ, ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಭಾವನ ಜೊತೆ ಜಗಳ ಆಡುವವರಿಗೆ, ಎಲ್ಲರಿಗೂ ಆಗುತ್ತದೆ.

ಯಾವ ಕೋರ್ಟು ಅಂತ ಮೊದಲು ಕೇಳಿ

ಟೀವಿಯವರು "ಅಂತಾರಾಷ್ಟ್ರೀಯ ಕೋರ್ಟ್" ಅಂತ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ. ಹೇಗ್ ಊರೊಂದರಲ್ಲೇ ಎರಡು ಬೇರೆ ಬೇರೆ ಕೋರ್ಟುಗಳಿವೆ. ಅವೆರಡೂ ನಮ್ಮ ವಿಷಯಕ್ಕೆ ಸೇರಿದವಲ್ಲ. ಒಂದು ಐಸಿಜೆ, ದೇಶ ದೇಶಗಳ ನಡುವಿನ ವ್ಯಾಜ್ಯಕ್ಕೆ ಇರುವುದು. ಪಾಕಿಸ್ತಾನ ಗಲ್ಲು ಶಿಕ್ಷೆ ವಿಧಿಸಿದ ಕುಲಭೂಷಣ್ ಜಾಧವ್ ಕೇಸು ನಡೆದದ್ದು ಅಲ್ಲಿ. ಅಲ್ಲಿ ಕಕ್ಷಿದಾರ ಜಾಧವ್ ಅಲ್ಲ, ಭಾರತ ಸರ್ಕಾರ. ಇನ್ನೊಂದು ಐಸಿಸಿ. ಅದು ಯುದ್ಧಾಪರಾಧ, ನರಮೇಧದಂಥ ಅಪರಾಧಗಳಿಗೆ ವ್ಯಕ್ತಿಗಳನ್ನು ಕಟಕಟೆಗೆ ತರುವ ಕ್ರಿಮಿನಲ್ ಕೋರ್ಟು. ಅದರ ಒಪ್ಪಂದ 2002ರ ಜುಲೈ 1ರಿಂದ ಜಾರಿಯಲ್ಲಿದೆ, ಭಾರತ ಅದಕ್ಕೆ ಸೇರಿಲ್ಲ. "ಬರೀ ಆಫ್ರಿಕಾದವರನ್ನೇ ಹಿಡಿಯುತ್ತಾರೆ" ಎನ್ನುವ ಪ್ರಸಿದ್ಧ ದೂರು ಐಸಿಸಿ ಮೇಲಿನದು. ಅದನ್ನು ತಂದು ಮಾನವ ಹಕ್ಕು ಕೋರ್ಟಿನ ತಲೆಗೆ ಕಟ್ಟಿದರೆ ಎದುರು ತಂಡದವರು ನಿಮ್ಮನ್ನು ಎರಡೇ ವಾಕ್ಯದಲ್ಲಿ ಕೂರಿಸುತ್ತಾರೆ.

ಮಾನವ ಹಕ್ಕು ಕೋರ್ಟು ಅಂದರೆ ಸಾಮಾನ್ಯ ಮನುಷ್ಯನ ದೂರಿನ ಮೇಲೆ ಸರ್ಕಾರ ಉತ್ತರ ಕೊಡಬೇಕಾದ ಜಾಗ. ಅಂಥವು ಮುಖ್ಯವಾಗಿ ಮೂರು. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ 1959ರಲ್ಲಿ ಶುರುವಾದ ಯುರೋಪಿನ ಕೋರ್ಟು, ಅದರ ಕೆಳಗೆ ಈಗ 46 ದೇಶಗಳಿವೆ. ಕೋಸ್ಟರಿಕಾದ ಸಾನ್ ಹೊಸೆಯಲ್ಲಿ 1979ರಿಂದ ಇರುವ ಅಮೆರಿಕ ಖಂಡಗಳ ಕೋರ್ಟು, ಅಲ್ಲಿಗೆ ನೇರವಾಗಿ ಹೋಗುವಂತಿಲ್ಲ, ಮೊದಲು ವಾಷಿಂಗ್ಟನ್‌ನ ಕಮಿಷನ್ ದಾಟಬೇಕು. ಅಮೆರಿಕ ಸಂಯುಕ್ತ ಸಂಸ್ಥಾನ ಆ ಕೋರ್ಟನ್ನು ಒಪ್ಪಿಲ್ಲ, ಅದೊಂದು ತಮಾಷೆ. ಮೂರನೆಯದು ತಾಂಜಾನಿಯಾದ ಅರುಷಾದಲ್ಲಿರುವ ಆಫ್ರಿಕಾದ ಕೋರ್ಟು. ಏಷ್ಯಾಕ್ಕೆ ಅಂಥದ್ದು ಇಲ್ಲ. ಅಂದರೆ ಡೊಂಬಿವಿಲಿಯವರಾಗಲಿ ಧಾರವಾಡದವರಾಗಲಿ, ಭಾರತ ಸರ್ಕಾರದ ಮೇಲೆ ದೂರು ಕೊಡಲು ಇಂಥ ಯಾವ ಬಾಗಿಲೂ ಇಲ್ಲ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ತೀರ್ಪನ್ನು ಕೊನೆಯಿಂದ ಓದಿ

ಸ್ಟ್ರಾಸ್‌ಬರ್ಗ್‌ನ ತೀರ್ಪುಗಳೆಲ್ಲ ಹುಡೋಕ್ ಅನ್ನುವ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ದೊಡ್ಡ ತೀರ್ಪುಗಳು ನೂರು ಪುಟ ದಾಟುತ್ತವೆ, ಮೊದಲಿನಿಂದ ಓದಲು ಹೋದರೆ ನಿದ್ದೆ ಗ್ಯಾರಂಟಿ. ನೇರವಾಗಿ ಕೊನೆಗೆ ಹೋಗಿ. "ಈ ಕಾರಣಗಳಿಂದ ನ್ಯಾಯಾಲಯ" ಅಂತ ಶುರುವಾಗುವ ಭಾಗ ಸಿಗುತ್ತದೆ. ಕೋರ್ಟು ಏನು ಹೇಳಿತು, ಎಷ್ಟು ಮತಕ್ಕೆ ಎಷ್ಟು, ಎಲ್ಲ ಅಲ್ಲಿರುತ್ತದೆ. ಅದರ ಕೆಳಗೆ ಒಪ್ಪದ ಜಡ್ಜ್‌ಗಳ ಭಿನ್ನಮತ ಇರುತ್ತದೆ. ಅದನ್ನು ಬಿಡಬೇಡಿ. ಕೋರ್ಟಿನ ಮೇಲಿನ ಅತ್ಯುತ್ತಮ ಟೀಕೆ ಸಾಮಾನ್ಯವಾಗಿ ಅದೇ ಕೋರ್ಟಿನ ಒಬ್ಬ ಜಡ್ಜ್ ಬರೆದದ್ದು. ರಾಜಕಾರಣಿಗಳ ಭಾಷಣಕ್ಕಿಂತ ಅದು ಎಷ್ಟೋ ಚುರುಕಾಗಿರುತ್ತದೆ.

ಕೊನೆಯಿಂದ ಓದಿದರೆ ಏನು ಲಾಭ ಅಂತ ಹರ್ಸ್ಟ್ ಕೇಸಿನಲ್ಲಿ ನೋಡಿ. ಜಾನ್ ಹರ್ಸ್ಟ್ ನರಹತ್ಯೆಗಾಗಿ ಜೀವಾವಧಿ ಶಿಕ್ಷೆ ಅನುಭವಿಸುತ್ತಿದ್ದ ಬ್ರಿಟಿಷ್ ಕೈದಿ. ಜೈಲಿನಲ್ಲಿದ್ದವರಿಗೆ ಮತ ಹಾಕುವ ಹಕ್ಕು ಇಲ್ಲ ಅನ್ನುವ ಕಾನೂನನ್ನು ಪ್ರಶ್ನಿಸಿದ. 2005ರ ಅಕ್ಟೋಬರ್ 6ರಂದು ಗ್ರ್ಯಾಂಡ್ ಚೇಂಬರ್, ಅಂದರೆ ಸ್ಟ್ರಾಸ್‌ಬರ್ಗ್ ಕೋರ್ಟಿನ ದೊಡ್ಡ ಪೀಠ, 12–5ರಲ್ಲಿ ಅವನ ಪರ ತೀರ್ಪು ಕೊಟ್ಟಿತು. ಬ್ರಿಟನ್ನಿನಲ್ಲಿ ದೊಡ್ಡ ಗಲಾಟೆ. ಕೊಲೆಗಡುಕರಿಗೂ ಅತ್ಯಾಚಾರಿಗಳಿಗೂ ವೋಟು ಕೊಡಬೇಕಂತೆ, ಇದನ್ನು ಹೇಳಲು ಇವರು ಯಾರು ಅಂತ ಪತ್ರಿಕೆಗಳು ಕೂಗಿದವು. ಕೈದಿಗಳಿಗೆ ವೋಟು ಅಂದರೆ ಯೋಚಿಸಲೂ ವಾಕರಿಕೆ ಬರುತ್ತದೆ ಅನ್ನುವ ಅರ್ಥದ ಮಾತನ್ನು ಪ್ರಧಾನಿ ಡೇವಿಡ್ ಕ್ಯಾಮರೂನ್ ಸಂಸತ್ತಿನಲ್ಲೇ ಆಡಿದರು. 2011ರ ಫೆಬ್ರವರಿಯಲ್ಲಿ ಹೌಸ್ ಆಫ್ ಕಾಮನ್ಸ್ 234–22ರಲ್ಲಿ ನಿಷೇಧ ಉಳಿಯಲಿ ಅಂತ ನಿರ್ಣಯ ಮಾಡಿತು.

ತೀರ್ಪು ಹೇಳಿದ್ದು ಅಷ್ಟು ದೊಡ್ಡದೇನಲ್ಲ. ಅಪರಾಧ ಯಾವುದು, ಶಿಕ್ಷೆ ಎಷ್ಟು ಅಂತ ನೋಡದೆ ಎಲ್ಲ ಶಿಕ್ಷಿತ ಕೈದಿಗಳಿಗೂ ಒಂದೇ ಬೀಗ ಹಾಕಿದ್ದು ತಪ್ಪು ಅಂದಿತು. ಯಾರಿಗೆ ಕೊಡಬೇಕು, ಯಾರಿಗೆ ಬೇಡ ಅನ್ನುವುದನ್ನು ಸಂಸತ್ತಿಗೇ ಬಿಟ್ಟಿತ್ತು. ಕೊನೆಗೆ ಬ್ರಿಟನ್ ಮಾಡಿದ್ದೂ ಅಷ್ಟೇ. ತಾತ್ಕಾಲಿಕ ಪರವಾನಗಿ ಮೇಲೆ ಹೊರಗಿರುವ ಕೆಲವು ಕೈದಿಗಳು ಮತ ಹಾಕಬಹುದು ಅಂತ ಆಡಳಿತದ ಮಟ್ಟದಲ್ಲಿ ಸಣ್ಣ ಬದಲಾವಣೆ. 2018ರ ಡಿಸೆಂಬರ್‌ನಲ್ಲಿ ಕಡತ ಮುಚ್ಚಿತು. ಹದಿಮೂರು ವರ್ಷದ ರಂಪಕ್ಕೆ ಇಷ್ಟು ಸಾಕಾಯಿತು. ಟೀಕೆ ಮಾಡಿದವರಲ್ಲಿ ಹೆಚ್ಚಿನವರು ಇಲ್ಲದ ತೀರ್ಪನ್ನು ಬೈಯುತ್ತಿದ್ದರು.

ಇಲ್ಲಿ ಒಂದು ಮಾತು. ಇದನ್ನು ಚರ್ಚೆಯಲ್ಲಿ ಹೇಳಿದಾಗ ಹಿರಿಯರೊಬ್ಬರು ಎದ್ದು "ಏನಪ್ಪಾ, ಜೈಲಲ್ಲಿ ಇರೋನಿಗೆ ವೋಟು ಯಾಕೆ ಬೇಕು ಮಾರಾಯ" ಅಂತ ಕೇಳಿಯೇ ಕೇಳುತ್ತಾರೆ. ಆಗ ಸಾತ್ ರಸ್ತಾದ ಹತ್ತಿರದ ಆರ್ಥರ್ ರೋಡ್ ಜೈಲನ್ನು ತೋರಿಸಿ. ಅಲ್ಲಿರುವವರಲ್ಲಿ ಬಹುಪಾಲು ವಿಚಾರಣಾಧೀನ ಕೈದಿಗಳು, ಅಪರಾಧ ಇನ್ನೂ ಸಾಬೀತಾಗಿಲ್ಲ. ನಮ್ಮ 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 62(5)ನೇ ಕಲಮಿನ ಪ್ರಕಾರ ಅವರಿಗೂ ವೋಟಿಲ್ಲ. ಆದರೆ ಅದೇ ಜೈಲಿನಿಂದ ಚುನಾವಣೆಗೆ ನಿಲ್ಲಬಹುದು! "ಸಾರ್, ನಿಲ್ಲಬಹುದು, ಆದರೆ ತನಗೆ ತಾನೇ ವೋಟು ಹಾಕ್ಕೊಳ್ಳೋ ಹಾಗಿಲ್ಲ" ಅಂದರೆ ಸಭೆ ನಗುತ್ತದೆ. ನಕ್ಕ ಸಭೆ ಮುಂದಿನ ಎರಡು ನಿಮಿಷ ನಿಮ್ಮದು.

ಟೀಕೆ ಯಾವ ಬಗೆಯದು ಅಂತ ಬಿಡಿಸಿ

"ಇವರಿಗೆ ಅಧಿಕಾರ ಕೊಟ್ಟವರು ಯಾರು" ಅನ್ನುವ ಒಂದೇ ಪ್ರಶ್ನೆಯೊಳಗೆ ಕನಿಷ್ಠ ಮೂರು ಪ್ರಶ್ನೆಗಳು ಗಂಟು ಹಾಕಿಕೊಂಡಿರುತ್ತವೆ. ಬಿಡಿಸದೆ ಉತ್ತರ ಕೊಡಲು ಹೋಗಬೇಡಿ.

ಮೊದಲನೆಯದು, ಒಪ್ಪಿಗೆ ಇದೆಯಾ? ಇದಕ್ಕೆ ಉತ್ತರ ಸುಲಭ. ಮುಂಬಯಿಯಲ್ಲಿ ಫ್ಲಾಟ್ ತಗೊಂಡವರಿಗೆ ಹೌಸಿಂಗ್ ಸೊಸೈಟಿ ಗೊತ್ತೇ ಇದೆ. ಬೈಲಾ ಒಪ್ಪಿ ಸದಸ್ಯನಾದ ಮೇಲೆ ನೋಟಿಸ್ ಬಂದಾಗ "ಸೆಕ್ರೆಟರಿ ಯಾರು ಕೇಳೋಕೆ" ಅನ್ನುವಂತಿಲ್ಲ. 1950ರ ನವೆಂಬರ್ 4ರಂದು ರೋಮಿನಲ್ಲಿ ಸಹಿ ಬಿದ್ದ ಯುರೋಪಿನ ಮಾನವ ಹಕ್ಕು ಒಪ್ಪಂದಕ್ಕೆ ಸರ್ಕಾರಗಳು ತಾವಾಗಿ ಸೇರಿದವು, ಸ್ಟ್ರಾಸ್‌ಬರ್ಗ್ ಕೋರ್ಟು ನಡೆಯುವುದು ಅದರ ಮೇಲೇ. ಬೇಡ ಅನಿಸಿದರೆ ಹೊರಗೆ ಹೋಗುವ ದಾರಿಯೂ ಅದರಲ್ಲೇ ಬರೆದಿದೆ.

ಆದರೆ ಇಲ್ಲಿಗೆ ನಿಲ್ಲಿಸಿದರೆ ನೀವು ಅರ್ಧ ಮಾತ್ರ ಹೇಳಿದಂತೆ. ಎರಡನೆಯ ಪ್ರಶ್ನೆ ಕಷ್ಟದ್ದು. ಅಂದು ಸಹಿ ಹಾಕಿದ ಬೈಲಾಕ್ಕೆ ಇಂದು ಬೇರೆಯೇ ಅರ್ಥ ಹೇಳಿದರೆ ಆ ಹೊಸ ಅರ್ಥಕ್ಕೂ ಒಪ್ಪಿಗೆ ಇದೆಯಾ? ಸ್ಟ್ರಾಸ್‌ಬರ್ಗ್ ಕೋರ್ಟು 1978ರ ಟೈರರ್ ಕೇಸಿನಲ್ಲಿ ಒಪ್ಪಂದವನ್ನು ಇಂದಿನ ಕಾಲಕ್ಕೆ ತಕ್ಕಂತೆ ಓದಬೇಕು, ಅದು ಜೀವಂತ ದಸ್ತಾವೇಜು ಅಂತ ಹೇಳಿತು. ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಹದಿನೈದು ವರ್ಷದ ಹುಡುಗನಿಗೆ ಕೋರ್ಟಿನ ಆದೇಶದ ಮೇಲೆ ಬೆತ್ತದೇಟು ಕೊಟ್ಟಿದ್ದರು. 1950ರಲ್ಲಿ ಇದನ್ನು ಯಾರೂ ಹೀನಾಯ ಶಿಕ್ಷೆ ಅನ್ನುತ್ತಿರಲಿಲ್ಲವೇನೋ. 1978ರಲ್ಲಿ ಕೋರ್ಟು ಅಂದಿತು. ಇದನ್ನು ಇಂದು ಯಾರೂ ದೊಡ್ಡದಾಗಿ ವಿರೋಧಿಸುವುದಿಲ್ಲ.

ಅದೇ ದಾರಿಯಲ್ಲಿ ನಡೆದು ನಡೆದು ಕೋರ್ಟು 2024ರ ಏಪ್ರಿಲ್ 9ಕ್ಕೆ ಬಂತು. ಸ್ವಿಟ್ಜರ್ಲೆಂಡಿನ ವಯಸ್ಸಾದ ಮಹಿಳೆಯರ ಒಂದು ಸಂಘ ಕೇಸು ಹಾಕಿತ್ತು. ಬಿಸಿಲಲೆಗೆ ಮುದುಕಿಯರೇ ಜಾಸ್ತಿ ಸಾಯುತ್ತಾರೆ, ಹವಾಮಾನ ಬದಲಾವಣೆ ತಡೆಯಲು ಸರ್ಕಾರ ಮಾಡುತ್ತಿರುವುದು ಸಾಲದು ಅಂತ ವಾದ. ಏಪ್ರಿಲ್ ಮಧ್ಯಾಹ್ನ ವಿರಾರ್ ಲೋಕಲ್ ಹತ್ತುವವರಿಗೆ ಈ ವಾದ ಬಿಡಿಸಿ ಹೇಳಬೇಕಾಗಿಲ್ಲ. ಖಾಸಗಿ ಮತ್ತು ಕುಟುಂಬ ಜೀವನದ ಹಕ್ಕಿನ ಕೆಳಗೆ 16–1ರಲ್ಲಿ ಸಂಘ ಗೆದ್ದಿತು. ಒಪ್ಪದ ಒಬ್ಬರು ಬ್ರಿಟನ್ನಿನ ಜಡ್ಜ್ ಟಿಮ್ ಐಕೆ. ಕೋರ್ಟು ತನ್ನ ಮಿತಿ ದಾಟಿದೆ, ಒಪ್ಪಂದದಲ್ಲಿ ಇಲ್ಲದ ಹಕ್ಕನ್ನು ಹುಟ್ಟಿಸಿದೆ ಅನ್ನುವುದು ಅವರ ಭಿನ್ನಮತದ ಸಾರ. ಅದೇ ಜೂನ್‌ನಲ್ಲಿ ಸ್ವಿಸ್ ಸಂಸತ್ತಿನ ಎರಡೂ ಸದನಗಳು ಇದಕ್ಕಾಗಿ ಹೊಸದಾಗಿ ಏನೂ ಮಾಡಬೇಕಾಗಿಲ್ಲ ಅನ್ನುವ ಹೇಳಿಕೆಗೆ ಮತ ಹಾಕಿದವು.

ನನ್ನನ್ನು ಕೇಳಿದರೆ ಈ ಟೀಕೆಯಲ್ಲಿ ತೂಕ ಇದೆ. ಸ್ವಿಟ್ಜರ್ಲೆಂಡಿನಲ್ಲಿ ಜನರೇ ನೇರವಾಗಿ ಮತ ಹಾಕಿ ಕಾನೂನು ತೀರ್ಮಾನಿಸುತ್ತಾರೆ. 2021ರಲ್ಲಿ ಒಂದು ಇಂಗಾಲ ಕಾನೂನನ್ನು ಅವರೇ ತಳ್ಳಿಹಾಕಿದ್ದರು, 2023ರಲ್ಲಿ ಇನ್ನೊಂದು ಹವಾಮಾನ ಕಾನೂನನ್ನು ಒಪ್ಪಿದರು. ಅಷ್ಟು ಚರ್ಚೆ ನಡೆದಿರುವ ವಿಷಯದಲ್ಲಿ ಕೋರ್ಟು ಕೈ ಹಾಕಿದಾಗ ಸಿಟ್ಟು ಬರೋದು ಸಹಜ. ಕೋರ್ಟಿನ ಪರ ನಿಂತವರು ಈ ಸಿಟ್ಟನ್ನು ಮೂರ್ಖತನ ಅಂತ ತಳ್ಳಿದರೆ ಸೋಲುತ್ತಾರೆ. ನೀವು ಪರ ತಂಡದಲ್ಲಿದ್ದರೆ ಇದನ್ನು ಒಪ್ಪಿಕೊಂಡೇ ಮುಂದೆ ಹೋಗಿ. ಇಂತಿಷ್ಟೇ ಇಂಗಾಲ ಇಳಿಸಿ ಅಂತ ಕೋರ್ಟು ಲೆಕ್ಕ ಹಾಕಿ ಕೊಡಲಿಲ್ಲ, ದಾರಿ ಆರಿಸುವುದನ್ನು ಸರ್ಕಾರಕ್ಕೆ ಬಿಟ್ಟಿದೆ, ಬಂದವರೆಲ್ಲರನ್ನೂ ಒಳಗೆ ಬಿಡಲಿಲ್ಲ, ಒಂಟಿಯಾಗಿ ಅರ್ಜಿ ಹಾಕಿದ್ದ ಮಹಿಳೆಯರ ದೂರನ್ನು ಸ್ವೀಕರಿಸಲಿಲ್ಲ ಅನ್ನುವುದನ್ನು ಆಮೇಲೆ ಹೇಳಿ.

ಮೂರನೆಯದು, ಜಡ್ಜ್‌ಗಳನ್ನು ಆರಿಸಿದವರು ಯಾರು? "ಯಾರೂ ವೋಟು ಹಾಕದ ಜಡ್ಜ್‌ಗಳು" ಅಂತ ತುಂಬಾ ಕೇಳುತ್ತೀರಿ. ಸ್ಟ್ರಾಸ್‌ಬರ್ಗ್ ಮಟ್ಟಿಗೆ ಇದು ಪೂರ್ತಿ ನಿಜವಲ್ಲ. ಪ್ರತಿ ದೇಶ ಮೂರು ಹೆಸರು ಕಳಿಸುತ್ತದೆ. ದೇಶ ದೇಶಗಳ ಸಂಸದರು ಕೂತ ಒಂದು ಸಭೆ ಅವರಲ್ಲಿ ಒಬ್ಬರನ್ನು ಮತ ಹಾಕಿ ಆರಿಸುತ್ತದೆ. ಒಂಬತ್ತು ವರ್ಷ, ಮತ್ತೆ ಅವಕಾಶ ಇಲ್ಲ. ನಮ್ಮಲ್ಲಿ ಜಡ್ಜ್‌ಗಳೇ ಕೂತು ಜಡ್ಜ್‌ಗಳನ್ನು ಆರಿಸುವ ಕೊಲಿಜಿಯಂ ಇಟ್ಟುಕೊಂಡು ಇದನ್ನು ಟೀಕಿಸೋದು ಸ್ವಲ್ಪ ನಾಚಿಕೆಯ ಕೆಲಸ. ಸಾನ್ ಹೊಸೆ ಮತ್ತು ಅರುಷಾದಲ್ಲಿ ಆರು ವರ್ಷದ ಅವಧಿ, ಇನ್ನೊಮ್ಮೆ ಆರಿಸಿ ಬರಬಹುದು. ಇನ್ನೊಮ್ಮೆ ಬರಬೇಕಾದರೆ ಸರ್ಕಾರಗಳ ಮುಖ ನೋಡಬೇಕು, ಅಲ್ವಾ? ಅಲ್ಲಿಗೆ ಈ ಟೀಕೆ ಹೆಚ್ಚು ತಾಗುತ್ತದೆ. ಇನ್ನೊಂದು ಟೀಕೆಯೂ ಇದೆ. ಕೆಲವು ಜಡ್ಜ್‌ಗಳು ಮೊದಲು ಕೆಲಸ ಮಾಡಿದ ಸ್ವಯಂಸೇವಾ ಸಂಸ್ಥೆಗಳೇ ಆಮೇಲೆ ಅವರ ಮುಂದೆ ಕೇಸು ತರುತ್ತವೆ ಅಂತ 2020ರಲ್ಲಿ ಒಂದು ವರದಿ ಬಂತು. ಬರೆದವರು ಅದೇ ಕೋರ್ಟಿನಲ್ಲಿ ಎದುರು ಪಕ್ಷದಲ್ಲಿ ನಿಲ್ಲುವ ಒಂದು ಕ್ರೈಸ್ತ ಕಾನೂನು ಸಂಸ್ಥೆ. ಹಾಗಂತ ವರದಿಯನ್ನು ಎಸೆಯಬೇಡಿ. ದೂರಿನಲ್ಲಿ ಹುರುಳಿದೆಯೇ ಅಂತ ಬೇರೆಯಾಗಿಯೇ ನೋಡಿ.

ಇನ್ನು "ಜಡ್ಜ್‌ಗಳು ಸಂಸತ್ತಿನ ಮೇಲೆ ಕೂರಬಹುದೇ" ಅನ್ನುವ ಪ್ರಶ್ನೆಗೆ ನಮ್ಮವರ ಹತ್ತಿರವೇ ಉತ್ತರ ಇದೆ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಹೋದ ಕೇಸದು, ವಾದಿಸಿದವರು ಈ ಮುಂಬಯಿಯ ನಾನಿ ಪಾಲ್ಖಿವಾಲಾ. 1973ರಲ್ಲಿ 7–6ರ ಒಂದೇ ಮತದ ಅಂತರದಲ್ಲಿ, ಸಂವಿಧಾನದ ಮೂಲ ರಚನೆಯನ್ನು ಸಂಸತ್ತೂ ಮುಟ್ಟುವಂತಿಲ್ಲ ಅಂದಿತು ಸುಪ್ರೀಂ ಕೋರ್ಟು. ಮೂಲ ರಚನೆ ಅಂತ ಸಂವಿಧಾನದಲ್ಲಿ ಎಲ್ಲೂ ಬರೆದಿಲ್ಲ. ಅದನ್ನು ಹೆಮ್ಮೆಯಿಂದ ಹೇಳುವವರು ಸ್ಟ್ರಾಸ್‌ಬರ್ಗ್‌ಗೆ ಬಂದಾಗ ಮಾತ್ರ "ಬರೆದದ್ದಷ್ಟೇ ಓದಿ" ಅನ್ನುವುದಾದರೆ ಕಾರಣ ಕೊಡಬೇಕು. ಕಾರಣ ಇಲ್ಲ ಅಂತಲ್ಲ, ಇದೆ: ನಮ್ಮ ಸುಪ್ರೀಂ ಕೋರ್ಟು ನಮ್ಮದೇ, ಅದು ನಮ್ಮ ಸಂವಿಧಾನದೊಳಗಿದೆ. ಆ ವ್ಯತ್ಯಾಸವನ್ನು ಅವರ ಬಾಯಿಂದಲೇ ಹೇಳಿಸಿ.

ಗೆದ್ದಿದ್ದರೆ ಇದೇ ಮಾತು ಆಡುತ್ತಿದ್ದರಾ?

ನಾನು ಹುಡುಗರಿಗೆ ಕೊಡುವ ಮುಖ್ಯ ಒರೆಗಲ್ಲು ಇದೊಂದೇ. ಟೀಕೆ ಕೇಳಿದ ಕೂಡಲೇ, ಅದೇ ಕೋರ್ಟು ಅದೇ ರೀತಿ ಇವರ ಪರವಾಗಿ ತೀರ್ಪು ಕೊಟ್ಟಿದ್ದರೆ ಆಗಲೂ ಈ ಮಾತು ನಿಲ್ಲುತ್ತಿತ್ತಾ ಅಂತ ಕೇಳಿ. ನಿಂತರೆ ಅದು ಕೋರ್ಟಿನ ಮೇಲಿನ ಟೀಕೆ. ನಿಲ್ಲದಿದ್ದರೆ ಅದು ಸೋತವರ ಹೊಟ್ಟೆಯುರಿ.

ಇದನ್ನು ತೋರಿಸಲು ಇಟಲಿಯ ಲೌತ್ಸಿ ಕೇಸಿಗಿಂತ ಒಳ್ಳೆಯದು ಸಿಗದು. ಸರ್ಕಾರಿ ಶಾಲೆಯ ಗೋಡೆಯ ಮೇಲೆ ಶಿಲುಬೆ ಇರಬಹುದೇ ಅನ್ನುವ ಪ್ರಶ್ನೆ. (ನಮ್ಮ ಶಾಲೆಗಳ ಸರಸ್ವತಿ ಫೋಟೊ ನೆನೆಸಿಕೊಳ್ಳಿ, ಎಷ್ಟು ಸೂಕ್ಷ್ಮ ಅಂತ ಗೊತ್ತಾಗುತ್ತದೆ.) 2009ರ ನವೆಂಬರ್ 3ರಂದು ಏಳು ಜಡ್ಜ್‌ಗಳ ಪೀಠ ಒಮ್ಮತದಿಂದ, ಇದು ಹಕ್ಕಿನ ಉಲ್ಲಂಘನೆ ಅಂದಿತು. ಇಟಲಿ ಕೆಂಡವಾಯಿತು. ನಮ್ಮ ಸಂಸ್ಕೃತಿಗೆ ಕೈ ಹಾಕಲು ಇವರು ಯಾರು ಅಂತ ಶುರುವಾಯಿತು. ಗ್ರ್ಯಾಂಡ್ ಚೇಂಬರಿಗೆ ಹೋದಾಗ ಹತ್ತು ದೇಶಗಳ ಸರ್ಕಾರಗಳು ಇಟಲಿಯ ಬೆನ್ನಿಗೆ ನಿಂತವು. 2011ರ ಮಾರ್ಚ್ 18ರಂದು 15–2ರಲ್ಲಿ ತೀರ್ಪು ತಿರುಗಿತು, ಶಿಲುಬೆ ಉಳಿಯಿತು. ಇಂಥ ವಿಷಯದಲ್ಲಿ ಆಯಾ ದೇಶಕ್ಕೆ ತೀರ್ಮಾನಿಸುವ ಸಲಿಗೆ ಬಿಡಬೇಕು ಅನ್ನುವುದು ಕಾರಣ. ವಕೀಲರು ಇದನ್ನು ಮಾರ್ಜಿನ್ ಆಫ್ ಅಪ್ರೀಸಿಯೇಷನ್ ಅನ್ನುತ್ತಾರೆ, 1976ರ ಹ್ಯಾಂಡಿಸೈಡ್ ಕೇಸಿನಿಂದ ಗಟ್ಟಿಯಾಗಿ ಬಂದದ್ದು.

ಈಗ ಬೈದವರೆಲ್ಲ ಹೊಗಳಿದರು, ಹೊಗಳಿದವರು ಬೈದರು. ಒತ್ತಡಕ್ಕೆ ಬಗ್ಗಿತು ಅಂತ. ಆ ಹದಿನಾರು ತಿಂಗಳಲ್ಲಿ ಕೋರ್ಟಿನ ಅಧಿಕಾರದಲ್ಲಿ ಒಂದು ಅಕ್ಷರವೂ ಬದಲಾಗಿರಲಿಲ್ಲ.

ನಾವೇನು ಕಡಿಮೆ ಇಲ್ಲ. 1999ರಲ್ಲಿ ಕಛ್ ಗಡಿಯ ಹತ್ತಿರ ಪಾಕಿಸ್ತಾನದ ನೌಕಾ ವಿಮಾನವನ್ನು ನಮ್ಮ ವಾಯುಪಡೆ ಹೊಡೆದುರುಳಿಸಿದಾಗ ಪಾಕಿಸ್ತಾನ ಐಸಿಜೆಗೆ ಹೋಯಿತು. ಈ ಕೋರ್ಟಿಗೆ ಇದನ್ನು ವಿಚಾರಿಸುವ ಅಧಿಕಾರವೇ ಇಲ್ಲ ಅಂತ ನಾವು ವಾದಿಸಿ 2000ದಲ್ಲಿ ಗೆದ್ದೆವು. 2017ರಲ್ಲಿ ಜಾಧವ್‌ಗಾಗಿ ಅದೇ ಕೋರ್ಟಿನ ಬಾಗಿಲು ನಾವೇ ತಟ್ಟಿದೆವು, ಹರೀಶ್ ಸಾಳ್ವೆ ಒಂದು ರೂಪಾಯಿ ಫೀಸಿಗೆ ವಾದಿಸಿದರು. 2019ರ ಜುಲೈ 17ರಂದು 15–1ರಲ್ಲಿ ತೀರ್ಪು ಬಂದಾಗ ಮುಂಬಯಿಯಲ್ಲಿ ಪಟಾಕಿ ಹೊಡೆದರು, ಜಾಧವ್ ಕುಟುಂಬ ಇಲ್ಲಿಯದೇ ತಾನೇ. ಎರಡು ಕೇಸುಗಳ ಕಾನೂನು ಆಧಾರ ಬೇರೆ ಬೇರೆ ಇತ್ತು, ಹಾಗಾಗಿ ಇದನ್ನು ಇಬ್ಬಂದಿತನ ಅಂತ ಕರೆಯೋದು ಅನ್ಯಾಯ. ಆದರೆ ಅಧಿಕಾರದ ಪ್ರಶ್ನೆ ಯಾರ ಬಾಯಲ್ಲಿ ಯಾವಾಗ ಬರುತ್ತದೆ ಅಂತ ನೋಡಲು ಇದು ಸಾಕು.

ಹೊಟ್ಟೆಯುರಿ ಜೋರಾದರೆ ಏನಾಗುತ್ತದೆ ಅನ್ನುವುದಕ್ಕೆ ಯುರೋಪ್ ಬಿಟ್ಟು ಹೊರಗೆ ನೋಡಿ. "ಬಿಳಿಯರ ಆಟ" ವಾದಕ್ಕೂ ಅಲ್ಲೇ ಉತ್ತರ ಇದೆ. ಪೆರುವಿನ ಲಿಮಾದ ಬಾರಿಯೋಸ್ ಆಲ್ಟೋಸ್‌ನಲ್ಲಿ 1991ರಲ್ಲಿ ಒಂದು ಮನೆಯ ಪಾರ್ಟಿಗೆ ನುಗ್ಗಿದ ಸೇನೆಯ ಹಂತಕರ ತಂಡ ಹದಿನೈದು ಜನರನ್ನು ಕೊಂದಿತು. 1995ರಲ್ಲಿ ಅಧ್ಯಕ್ಷ ಫುಜಿಮೊರಿಯ ಸರ್ಕಾರ ಕ್ಷಮಾದಾನದ ಕಾನೂನು ತಂದು ಹಂತಕರನ್ನು ಬಚಾವ್ ಮಾಡಿತು. 1999ರಲ್ಲಿ ಸಾನ್ ಹೊಸೆ ಕೋರ್ಟಿನ ಅಧಿಕಾರದಿಂದಲೇ ಹೊರಬರುತ್ತೇವೆ ಅಂತ ಘೋಷಿಸಿತು. ಅದನ್ನು ಕೋರ್ಟು ಒಪ್ಪಲಿಲ್ಲ. ಫುಜಿಮೊರಿ ಬಿದ್ದ ಮೇಲೆ, 2001ರಲ್ಲಿ ಆ ಕ್ಷಮಾದಾನ ಕಾನೂನಿಗೆ ಬೆಲೆಯೇ ಇಲ್ಲ ಅಂತ ಕೋರ್ಟು ಹೇಳಿತು. 2009ರಲ್ಲಿ ಪೆರುವಿನ ಕೋರ್ಟೇ ಫುಜಿಮೊರಿಗೆ 25 ವರ್ಷ ಶಿಕ್ಷೆ ಕೊಟ್ಟಿತು. ಆ ಹದಿನೈದು ಜನರ ಮನೆಯವರಿಗೆ ಇದು ಯಾರ ಆಟ ಅಂತ ಕೇಳಿ ನೋಡಿ. ಕಥೆ ಅಲ್ಲಿಗೆ ಸುಖಾಂತವೇನೂ ಆಗಲಿಲ್ಲ. 2023ರ ಡಿಸೆಂಬರ್‌ನಲ್ಲಿ ಸಾನ್ ಹೊಸೆ ಕೋರ್ಟಿನ ಮಾತು ಮೀರಿ ಅವನನ್ನು ಬಿಡುಗಡೆ ಮಾಡಿದರು.

ಜಿಂಬಾಬ್ವೆಯದು ಇನ್ನೂ ಕೆಟ್ಟದು. ಜನಾಂಗ ನೋಡಿ ರೈತರ ಜಮೀನು ಕಿತ್ತುಕೊಂಡದ್ದು ತಪ್ಪು ಅಂತ 2008ರಲ್ಲಿ ದಕ್ಷಿಣ ಆಫ್ರಿಕಾ ಪ್ರದೇಶದ ದೇಶಗಳ ಟ್ರಿಬ್ಯೂನಲ್ ತೀರ್ಪು ಕೊಟ್ಟಿತು. ಸೋತ ಸರ್ಕಾರ ಪಾಲಿಸಲಿಲ್ಲ. ಉಳಿದ ಸರ್ಕಾರಗಳು ಅದನ್ನು ದಾರಿಗೆ ತರುವ ಬದಲು 2010ರಲ್ಲಿ ಟ್ರಿಬ್ಯೂನಲನ್ನೇ ಅಮಾನತು ಮಾಡಿದವು. ಆಮೇಲೆ ಜನಸಾಮಾನ್ಯರು ಅಲ್ಲಿಗೆ ಹೋಗುವ ದಾರಿಯನ್ನೇ ಮುಚ್ಚಲು ತೀರ್ಮಾನಿಸಿದವು. ಅರುಷಾ ಕೋರ್ಟಿಗೆ ಜನರು ನೇರವಾಗಿ ಹೋಗಬೇಕಾದರೆ ಅವರ ದೇಶ ಬೇರೆಯಾಗಿ ಒಪ್ಪಿಗೆ ಪತ್ರ ಕೊಟ್ಟಿರಬೇಕು. ರುವಾಂಡಾ 2016ರಲ್ಲಿ ಅದನ್ನು ವಾಪಸ್ ತಗೊಂಡಿತು, 2019ರಲ್ಲಿ ತಾಂಜಾನಿಯಾ. ಕೋರ್ಟಿನ ಕಟ್ಟಡ ಇರುವ ದೇಶವೇ! ಅದರ ಮೇಲೇ ಕೇಸುಗಳು ಜಾಸ್ತಿ ಇದ್ದವು, ಅಷ್ಟೇ. 2020ರಲ್ಲಿ ಬೆನಿನ್, ಐವರಿ ಕೋಸ್ಟ್.

ಯುರೋಪಿನ ಸರ್ಕಾರಗಳು ಸೂಟು ಬೂಟಿನಲ್ಲಿ ಪತ್ರ ಬರೆಯುತ್ತವೆ. 2025ರ ಮೇ 22ರಂದು ಇಟಲಿ, ಡೆನ್ಮಾರ್ಕ್ ಸೇರಿ ಒಂಬತ್ತು ದೇಶಗಳು, ಅಪರಾಧ ಮಾಡಿದ ವಲಸಿಗರನ್ನು ಹೊರಹಾಕಲು ಕೋರ್ಟು ಅಡ್ಡಬರುತ್ತಿದೆ ಅಂತ ಬಹಿರಂಗ ಪತ್ರ ಬರೆದವು. ಕೋರ್ಟನ್ನು ರಾಜಕೀಯದ ಆಯುಧ ಮಾಡಬೇಡಿ ಅನ್ನುವ ಧಾಟಿಯಲ್ಲಿ, ಕೋರ್ಟಿನ ಮಾತೃಸಂಸ್ಥೆಯಾದ ಯುರೋಪ್ ಮಂಡಳಿಯ ಪ್ರಧಾನ ಕಾರ್ಯದರ್ಶಿ ಅಲೆನ್ ಬೆರ್ಸೆ ಉತ್ತರ ಕೊಟ್ಟರು. ಈ ಪತ್ರಕ್ಕೆ ನನ್ನ ಒರೆಗಲ್ಲು ಹಚ್ಚಿ ನೋಡುವುದನ್ನು ನಿಮಗೇ ಬಿಡುತ್ತೇನೆ. ಒಂದು ಸುಳಿವು: ಮುಚ್ಚಿದ ಬಾಗಿಲ ಹಿಂದೆ ಜಡ್ಜ್‌ಗೆ ಹೇಳಿದರೆ ಅದು ಒತ್ತಡ. ಬಹಿರಂಗವಾಗಿ ಒಪ್ಪಂದ ತಿದ್ದಲು ಹೊರಟರೆ ಅದು ರಾಜಕೀಯ, ಅದಕ್ಕೆ ಹಕ್ಕಿದೆ. ಒಪ್ಪಂದಕ್ಕೆ ತಂದ ತಿದ್ದುಪಡಿ, 15ನೇ ಪ್ರೋಟೊಕಾಲ್, ಹಾಗೇ ಆಗಿದ್ದು. ದೇಶಗಳಿಗೆ ಸಲಿಗೆ ಬಿಡಬೇಕು ಅನ್ನುವ ಮಾತನ್ನು ಒಪ್ಪಂದದ ಪೀಠಿಕೆಗೇ ಸೇರಿಸಿದರು, 2021ರಿಂದ ಜಾರಿಯಲ್ಲಿದೆ. ಪತ್ರ ಈ ಎರಡರ ನಡುವೆ ಎಲ್ಲಿ ಕೂರುತ್ತದೆ?

ತೀರ್ಪಿನ ಮರುದಿನ ಏನಾಯಿತು?

ಇದನ್ನು ಬೇಗ ಮುಗಿಸುತ್ತೇನೆ. "ಈ ಕೋರ್ಟಿಗೆ ಪೊಲೀಸರಿಲ್ಲ, ಯಾರು ಕೇಳುತ್ತಾರೆ" ಅನ್ನುವುದು ಸತ್ಯವಾದ ಟೀಕೆ. ಟರ್ಕಿಯ ಉದ್ಯಮಿ, ಮಾನವ ಹಕ್ಕು ಹೋರಾಟಗಾರ ಉಸ್ಮಾನ್ ಕವಾಲಾ 2017ರಿಂದ ಜೈಲಿನಲ್ಲಿದ್ದಾರೆ. ಬಿಡುಗಡೆ ಮಾಡಿ ಅಂತ 2019ರಲ್ಲಿ ಸ್ಟ್ರಾಸ್‌ಬರ್ಗ್ ಹೇಳಿತು. ಮಾಡಲಿಲ್ಲ. ನೀವು ತೀರ್ಪು ಪಾಲಿಸಿಲ್ಲ ಅಂತ 2022ರಲ್ಲಿ ಇನ್ನೊಂದು ತೀರ್ಪು ಬಂತು. ಅದಕ್ಕೆ ಕೆಲವೇ ತಿಂಗಳ ಮೊದಲು ಟರ್ಕಿ ಅವರಿಗೆ ಕಠಿಣ ಜೀವಾವಧಿ ಶಿಕ್ಷೆ ಕೊಟ್ಟಿತ್ತು. ಕೇಸುಗಳ ರಾಶಿಯೂ ಹಾಗೇ. 2011ರಲ್ಲಿ ಬಾಕಿ ಕೇಸು ಒಂದೂವರೆ ಲಕ್ಷ ದಾಟಿತ್ತು, 2024ರ ಕೊನೆಗೆ ಅರವತ್ತು ಸಾವಿರದ ಆಸುಪಾಸಿಗೆ ಇಳಿದಿತ್ತು. ಇಳಿದದ್ದಕ್ಕೆ ಒಂದು ಕಾರಣ, ಬಂದ ಅರ್ಜಿಗಳಲ್ಲಿ ಬಹುಪಾಲನ್ನು ಬಾಗಿಲಲ್ಲೇ ತಿರಸ್ಕರಿಸುವುದು. ಇವೆರಡೂ ನನ್ನ ಒರೆಗಲ್ಲಿನಲ್ಲಿ ಪಾಸಾಗುವ ಟೀಕೆಗಳು, ಯಾರು ಗೆದ್ದರೂ ನಿಲ್ಲುತ್ತವೆ. ವಿರೋಧ ತಂಡದಲ್ಲಿದ್ದರೆ ಸಂಸ್ಕೃತಿ ಗಿಂಸ್ಕೃತಿ ಬಿಟ್ಟು ಇವನ್ನೇ ಹಿಡಿಯಿರಿ.

"ನಮಗೆ ಇದರಿಂದ ಏನು?" ಅಂತ ಕೇಳಿದಾಗ

ಕೊನೆಯ ಸಾಲಿನಿಂದ ಈ ಪ್ರಶ್ನೆ ಬಂದೇ ಬರುತ್ತದೆ. ಮತ್ತೆ ಆರ್ಥರ್ ರೋಡ್ ಜೈಲಿಗೆ ಹೋಗಿ. ವಿಜಯ್ ಮಲ್ಯ ಗಡೀಪಾರು ಕೇಸಿನಲ್ಲಿ ಲಂಡನ್ ಮ್ಯಾಜಿಸ್ಟ್ರೇಟ್ ಎಮ್ಮಾ ಅರ್ಬತ್‌ನಾಟ್ 2018ರ ಜುಲೈನಲ್ಲಿ ಈ ಜೈಲಿನ 12ನೇ ಬ್ಯಾರಕ್ಕಿನ ವಿಡಿಯೊ ತೆಗೆದು ಕಳಿಸಿ ಅಂದರು. ಒಳಗೆ ಸಹಜ ಬೆಳಕು ಎಷ್ಟು ಬರುತ್ತದೆ ಅನ್ನುವುದು ಒಂದು ಪ್ರಶ್ನೆಯಾಗಿತ್ತು. ಬ್ಯಾಂಕ್ ಸಾಲದ ಕೇಸಿಗೆ ಕಿಟಕಿಯ ಬೆಳಕು ಯಾಕೆ? ಯುರೋಪಿನ ಒಪ್ಪಂದದ 3ನೇ ಕಲಮು ಯಾರನ್ನೂ ಅಮಾನವೀಯ ಸ್ಥಿತಿಗೆ ತಳ್ಳುವಂತಿಲ್ಲ ಅನ್ನುತ್ತದೆ, ಗಡೀಪಾರು ಮಾಡುವಾಗಲೂ ಅದು ಲಾಗೂ ಅಂತ ಸ್ಟ್ರಾಸ್‌ಬರ್ಗ್ 1989ರ ಸೋರಿಂಗ್ ಕೇಸಿನಲ್ಲಿ ಹೇಳಿತ್ತು. ಹೀಗೆ ಸ್ಟ್ರಾಸ್‌ಬರ್ಗ್‌ನ ಒಂದು ಮಾತಿನ ದೆಸೆಯಿಂದ ಮುಂಬಯಿಯ ಬ್ಯಾರಕ್ಕಿನೊಳಗೆ ಕ್ಯಾಮೆರಾ ಹೋಯಿತು. ಆ ಡಿಸೆಂಬರ್‌ನಲ್ಲಿ ಮ್ಯಾಜಿಸ್ಟ್ರೇಟ್ ಗಡೀಪಾರಿಗೆ ಹಸಿರು ನಿಶಾನೆ ತೋರಿಸಿದರು. ದೊಡ್ಡ ಕುಳಕ್ಕೆ ಬೆಳಕಿರುವ ಬ್ಯಾರಕ್, ಪಕ್ಕದ ಬ್ಯಾರಕ್ಕಿನಲ್ಲಿ ಕಿಕ್ಕಿರಿದವರನ್ನು ಕೇಳುವವರಿಲ್ಲ ಅಂತ ಯಾರಾದರೂ ಎದ್ದು ಹೇಳಿದರೆ ಒಪ್ಪಿಕೊಳ್ಳಿ. ಅದು ನಿಜ, ಈ ವ್ಯವಸ್ಥೆಯ ಮೇಲೆ ನನಗಿರುವ ದೊಡ್ಡ ತಕರಾರೂ ಅದೇ.

ಸ್ಟ್ರಾಸ್‌ಬರ್ಗ್‌ನಲ್ಲಿ ಗೆದ್ದ ಭಾರತೀಯನೂ ಇದ್ದಾನೆ. ಕರಮ್‌ಜಿತ್ ಸಿಂಗ್ ಚಾಹಲ್‌ನನ್ನು ಬ್ರಿಟನ್ ಇಲ್ಲಿಗೆ ಗಡೀಪಾರು ಮಾಡಿದರೆ ಹಿಂಸೆಯ ಅಪಾಯ ಇದೆ ಅಂತ 1996ರಲ್ಲಿ 12–7ರಲ್ಲಿ ತೀರ್ಪಾಯಿತು. ಕೇಳಲು ನಮಗೆ ಹಿತವಾದ ತೀರ್ಪಲ್ಲ. ಕೇಸು ಮಾತ್ರ ಬ್ರಿಟನ್ ಮೇಲೆ. ಆ ದೇಶದ ಹಿಡಿತದಲ್ಲಿದ್ದರೆ ಸಾಕು, ಪೌರನಾಗಿರಬೇಕಿಲ್ಲ.

ಭಾರತದೊಳಗೆ ಏನಿದೆ ಅಂದರೆ, ನಾಗರಿಕ ಹಕ್ಕುಗಳ ವಿಶ್ವಸಂಸ್ಥೆ ಒಪ್ಪಂದಕ್ಕೆ ನಾವು 1979ರಲ್ಲಿ ಸೇರಿದ್ದೇವೆ. ವ್ಯಕ್ತಿಗಳು ದೂರು ಕೊಡಲು ಬಿಡುವ ಅದರ ಉಪ ಒಪ್ಪಂದಕ್ಕೆ ಸೇರಿಲ್ಲ. 1993ರ ಕಾಯ್ದೆಯ ಮಾನವ ಹಕ್ಕು ಆಯೋಗಗಳಿವೆ, ಮಹಾರಾಷ್ಟ್ರದ್ದು ಇಲ್ಲೇ ಮುಂಬಯಿಯಲ್ಲಿದೆ, ಆದರೆ ಅವು ಶಿಫಾರಸು ಮಾತ್ರ ಮಾಡಬಲ್ಲವು. ಇನ್ನೊಂದು ದಾರಿ ಸದ್ದಿಲ್ಲದೆ ತೆರೆದಿದೆ. ನಮ್ಮ ಸುಪ್ರೀಂ ಕೋರ್ಟು 2017ರ ಖಾಸಗಿತನದ ತೀರ್ಪಿನಲ್ಲೂ 2018ರಲ್ಲಿ ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಕಲಮನ್ನು ಸಡಿಲಿಸಿದಾಗಲೂ ಸ್ಟ್ರಾಸ್‌ಬರ್ಗ್ ತೀರ್ಪುಗಳನ್ನು ಓದಿ ಉಲ್ಲೇಖಿಸಿದೆ. ಯಾರೂ ಬಲವಂತ ಮಾಡಿರಲಿಲ್ಲ.

ಸ್ಪರ್ಧೆಗೆ ಒಂದೇ ವಾರ ಉಳಿದಿದ್ದರೆ ಎಲ್ಲವನ್ನೂ ಓದಲು ಹೋಗಬೇಡಿ. ಲೌತ್ಸಿಯ ಎರಡೂ ತೀರ್ಪುಗಳನ್ನು ಹುಡೋಕ್‌ನಿಂದ ಇಳಿಸಿಕೊಂಡು, ಮೊದಲು 2011ರದ್ದರ ಕೊನೆಯ ಪುಟಗಳು, ಆಮೇಲೆ ಅದರ ಭಿನ್ನಮತ, ಆಮೇಲೆ 2009ರದ್ದು ಓದಿ. ಒಂದು ಸಲ ಶಿಲುಬೆ ಇರಲಿ ಅಂತ, ಇನ್ನೊಂದು ಸಲ ಬೇಡ ಅಂತ ಗೆಳೆಯನ ಎದುರು ಐದೈದು ನಿಮಿಷ ಮಾತಾಡಿ. ಎರಡೂ ಸಲ "ಕೋರ್ಟಿಗೆ ಅಧಿಕಾರ ಇದೆಯೇ" ಅನ್ನುವ ಭಾಗದಲ್ಲಿ ನೀವು ಒಂದೇ ಉತ್ತರ ಕೊಟ್ಟಿರಾ ಅಂತ ಅವನಿಗೆ ಗಮನಿಸಲು ಹೇಳಿ.